ಹಾರ್ಡ್‌ವಿಕ್ ಹಾಲ್ ಮಾದರಿ: ನಡುಗೋಡೆಯಿಂದ ಹೊರಕ್ಕೆ ಕಟ್ಟಿದ ಕ್ರಮ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಹದಿನಾರನೆಯ ಶತಮಾನದ ಬಂಗಲೆಯ ಮಾದರಿಯನ್ನು 1:150 ಪ್ರಮಾಣದಲ್ಲಿ, ಒಳಭಾಗವೂ ಕಾಣುವಂತೆ, ರಟ್ಟು, ತೆಳುಮರ ಮತ್ತು ಪ್ಲಾಸ್ಟಿಕ್ ಹಾಳೆಗಳಿಂದ ಕಟ್ಟಿದ ಕೆಲಸದ ವಿವರವಿದು. ಈ ಪ್ರಮಾಣವನ್ನು ಆರಿಸಲು ಕಿಟಕಿಯೇ ಕಾರಣ. ಕಿಟಕಿಗಳನ್ನು ವಿಭಾಗಿಸುವ ಕಲ್ಲಿನ ನಿಲುಪಟ್ಟಿಯೊಂದರ ಅಗಲವನ್ನು ಸುಮಾರು ಹದಿನೈದು ಸೆಂಟಿಮೀಟರ್ ಎಂದು ಹಿಡಿದರೆ ಅದು ಮಾದರಿಯಲ್ಲಿ ಒಂದು ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ಸಣ್ಣದನ್ನು ಕೈಯಲ್ಲಿ ಹಿಡಿದ ಬ್ಲೇಡಿನಿಂದ ನೇರವಾಗಿ ಕತ್ತರಿಸುವುದು ಕಷ್ಟ. ಪ್ರಮಾಣವನ್ನು ದೊಡ್ಡದು ಮಾಡಿದರೆ ಮಾದರಿಯನ್ನು ಇಡಲು ಮನೆಯಲ್ಲಿ ಜಾಗವಿರುವುದಿಲ್ಲ.

ಮೂಲ ಕಟ್ಟಡದ ಕುರಿತು ಮೊದಲು ಕೆಲವು ಮಾತುಗಳನ್ನು ಹೇಳಬೇಕು. ಇದನ್ನು ಕಟ್ಟಿಸಿದವಳು ಶ್ರೂಸ್ಬರಿಯ ಕೌಂಟೆಸ್ ಎಲಿಜಬೆತ್ ಟಾಲ್ಬಟ್. ಜನ ಅವಳನ್ನು ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಎಂದು. ಅದೇ ಗುಡ್ಡದ ಮೇಲಿನ ಸಾಧಾರಣ ಜಮೀನ್ದಾರ ಮನೆಯಲ್ಲಿ ಹುಟ್ಟಿ, ನಾಲ್ಕು ಬಾರಿ ಮದುವೆಯಾಗಿ, ನಾಲ್ಕನೆಯ ಗಂಡನಾದ ಶ್ರೂಸ್ಬರಿಯ ಆರನೆಯ ಅರ್ಲ್ 1590ರ ನವೆಂಬರ್‌ನಲ್ಲಿ ತೀರಿಕೊಂಡಾಗ, ಅವಳು ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳಾಗಿದ್ದಳು. ಹೊಸ ಮನೆಯ ಅಡಿಪಾಯದ ಕೆಲಸ ನಡೆದದ್ದೂ ಆ ವರ್ಷದಲ್ಲೇ. 1597ರ ಅಕ್ಟೋಬರ್‌ನಲ್ಲಿ ಅವಳು ಅಲ್ಲಿಗೆ ವಾಸಕ್ಕೆ ಬಂದಳು, 1608ರಲ್ಲಿ ತೀರಿಕೊಂಡಳು. ವಿನ್ಯಾಸ ವಾಸ್ತುಶಿಲ್ಪಿ ರಾಬರ್ಟ್ ಸ್ಮಿತ್‌ಸನ್‌ನದು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಈ ಮನೆಗೆ ಬಹಳ ಹತ್ತಿರವಾದ ನಕ್ಷೆಯೊಂದು ಸ್ಮಿತ್‌ಸನ್ ಕುಟುಂಬದ ರೇಖಾಚಿತ್ರಗಳ ನಡುವೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್ ಸಂಗ್ರಹದಲ್ಲಿದೆ. ಕಟ್ಟಡ ಇಂದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದು ಚಾರಿತ್ರಿಕ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಒಡೆತನದಲ್ಲಿದೆ.

ಕೆಲಸ ಶುರುಮಾಡುವ ಮೊದಲು ಮುಂಭಾಗದ ಗೋಡೆಯ ಒಂದು ತುಣುಕನ್ನು ಮಾತ್ರ ಎರಡು ಮಿಲಿಮೀಟರ್ ದಪ್ಪದ ಬೂದು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿ ನೋಡಿದೆ. ‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು’ ಎಂಬ ಹಳೆಯ ನುಡಿ ಆ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಅದು ಬರಿಯ ಉತ್ಪ್ರೇಕ್ಷೆಯಲ್ಲ ಎಂಬುದನ್ನು ಆ ತುಣುಕು ಸಾರಿ ಹೇಳಿತು. ಕಿಟಕಿಗಳನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಉಳಿದದ್ದು ಗೋಡೆಯಲ್ಲ, ಜಾಲರಿ. ಬೆರಳಿನಿಂದ ಮೆಲ್ಲಗೆ ಒತ್ತಿದರೂ ಬಾಗುತ್ತಿತ್ತು. ಅದರ ಮೇಲೆ ಮಹಡಿಯ ಹಲಗೆಗಳನ್ನು ಕೂರಿಸುವ ಮಾತೇ ಇರಲಿಲ್ಲ. ರಟ್ಟಿನ ಮಾದರಿಗೆ ಒದಗಿದ ಈ ಪ್ರಶ್ನೆ ಸ್ಮಿತ್‌ಸನ್‌ಗೂ ಕಲ್ಲಿನಲ್ಲಿ ಒದಗಿದ್ದಿರಬೇಕು: ಹೊರಗೋಡೆಯನ್ನು ಗಾಜಿಗೆ ಬಿಟ್ಟುಕೊಟ್ಟ ಮೇಲೆ ಮನೆಯ ಭಾರವನ್ನು ಹೊರುವವರು ಯಾರು?

ಉತ್ತರ ನಕ್ಷೆಯಲ್ಲಿಯೇ ಇದೆ. ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಅಗ್ಗಿಷ್ಟಿಕೆಗಳೂ ಅವುಗಳ ಹೊಗೆನಾಳಗಳೂ ಸಾಮಾನ್ಯವಾಗಿ ಹೊರಗೋಡೆಗಳಿಗೆ ಅಂಟಿಕೊಂಡಿರುತ್ತಿದ್ದವು. ಹಾರ್ಡ್‌ವಿಕ್‌ನಲ್ಲಿ ಅವುಗಳನ್ನು ಒಳಗೋಡೆಗಳೊಳಕ್ಕೆ ಸರಿಸಲಾಗಿದೆ. ಮನೆಯ ಆಳ ಎರಡು ಕೋಣೆಗಳಷ್ಟು. ಅವುಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೂ ಸಾಗುವ ದಪ್ಪನೆಯ ನಡುಗೋಡೆಯೇ ಈ ಮನೆಯ ಬೆನ್ನೆಲುಬು. ಹೊಗೆನಾಳಗಳು ಅದರೊಳಗೆ ಸೇರಿದ್ದರಿಂದ ಅದು ದಪ್ಪವಾಗಲೇಬೇಕಿತ್ತು. ದಪ್ಪವಾದ್ದರಿಂದ ಭಾರ ಹೊರುವ ಕೆಲಸವೂ ಅದಕ್ಕೆ ಬಂತು. ಹೊರಗೋಡೆಗಳು ಆ ಹೊಣೆಯಿಂದ ಬಹುಮಟ್ಟಿಗೆ ಬಿಡುಗಡೆ ಪಡೆದು ಕಿಟಕಿಗಳಾದವು. ಆದ್ದರಿಂದ ಮಾದರಿಯನ್ನೂ ಹೊರಗಿನಿಂದ ಒಳಕ್ಕೆ ಕಟ್ಟದೆ ಒಳಗಿನಿಂದ ಹೊರಕ್ಕೆ ಕಟ್ಟಲು ನಿರ್ಧರಿಸಿದೆ. ಸಾಮಾನ್ಯವಾಗಿ ಮಾದರಿ ಕಟ್ಟುವವರು ನಾಲ್ಕು ಹೊರಗೋಡೆಗಳನ್ನು ಪೆಟ್ಟಿಗೆಯಂತೆ ಜೋಡಿಸಿ ಒಳಗೆ ಬೇಕಾದ ತಡಿಕೆಗಳನ್ನು ಸೇರಿಸುತ್ತಾರೆ. ಆ ಕ್ರಮ ಈ ಮನೆಗೆ ಒಗ್ಗುವುದಿಲ್ಲ.

ನಡುಗೋಡೆಗೆ ಎರಡು ಮಿಲಿಮೀಟರ್ ರಟ್ಟಿನ ಮೂರು ಪದರಗಳನ್ನು ಬಳಸಿದೆ. ಮಧ್ಯದ ಪದರದಲ್ಲಿ ಹೊಗೆನಾಳಗಳ ದಾರಿಯನ್ನು ಉದ್ದುದ್ದವಾಗಿ ಕತ್ತರಿಸಿ ತೆಗೆದು, ಎರಡು ಬದಿಯ ಪದರಗಳಲ್ಲಿ ಅಗ್ಗಿಷ್ಟಿಕೆಯ ಬಾಯಿಗಳನ್ನು ಮಾತ್ರ ಬಿಟ್ಟೆ. ಪದರಗಳನ್ನು ಪಿವಿಎ ಅಂಟಿನಿಂದ ಜೋಡಿಸಿ, ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಒಣಗಲು ಬಿಡಬೇಕು. ನೀರಿನಂಶವಿರುವ ಅಂಟು ರಟ್ಟನ್ನು ಸೊಟ್ಟ ಮಾಡುತ್ತದೆ. ಎರಡೂ ಮೈಗೆ ಸಮವಾಗಿ, ತೆಳುವಾಗಿ ಹಚ್ಚಿ ತೂಕ ಹೇರಿದರೆ ಸೊಟ್ಟಾಗುವುದಿಲ್ಲ. ಒಣಗಿದ ಮೇಲೆ ಈ ಗೋಡೆಯನ್ನು ಮೂಲೆಮಟ್ಟ ಹಿಡಿದು ಆರು ಮಿಲಿಮೀಟರ್ ಪ್ಲೈವುಡ್ ತಳದ ಮೇಲೆ ನಿಲ್ಲಿಸಿ, ತಳದಲ್ಲಿ ಮೊದಲೇ ಕೊರೆದ ತೋಡಿನೊಳಕ್ಕೆ ಕೂರಿಸಿದೆ. ಇದು ನೆಟ್ಟಗೆ ನಿಂತರೆ ಉಳಿದದ್ದೆಲ್ಲ ನೆಟ್ಟಗೆ ನಿಲ್ಲುತ್ತದೆ. ಇದು ಕೂದಲೆಳೆಯಷ್ಟು ವಾಲಿದರೆ ಮೂರನೆಯ ಮಹಡಿಗೆ ಹೋಗುವಷ್ಟರಲ್ಲಿ ಆ ವಾಲು ಕಣ್ಣಿಗೆ ಹೊಡೆಯುವಂತಾಗುತ್ತದೆ.

ನಡುಗೋಡೆ ಕಡಿಯುವುದು ಮನೆಯ ಮಧ್ಯಭಾಗದಲ್ಲಿ. ಅಲ್ಲಿ ಪಶ್ಚಿಮದ ಹೆಬ್ಬಾಗಿಲಿನಿಂದ ಒಳಕ್ಕೆ ನೇರವಾಗಿ ಸಾಗುವ, ಎರಡು ಮಹಡಿ ಎತ್ತರದ ದೊಡ್ಡ ಹಾಲ್ ಇದೆ. ಇದು ಇಂಗ್ಲಿಷ್ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಒಂದು ತಿರುವು. ಅದಕ್ಕಿಂತ ಹಿಂದಿನ ದೊಡ್ಡ ಮನೆಗಳಲ್ಲಿ ಹಾಲ್ ಎಂಬುದು ಮುಂಭಾಗಕ್ಕೆ ಸಮಾನಾಂತರವಾಗಿ ಮಲಗಿರುತ್ತಿತ್ತು. ಅದರ ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಯಜಮಾನನ ಪೀಠ ಇರುತ್ತಿದ್ದವಾದ್ದರಿಂದ ಮುಂಭಾಗವನ್ನು ಎರಡು ಕಡೆ ಸಮನಾಗಿ ತೂಗಿಸುವುದು ಕಷ್ಟವಾಗುತ್ತಿತ್ತು. ಹಾಲನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮಧ್ಯಕ್ಕೆ ತಂದ ಕೂಡಲೇ ಬಾಗಿಲು ಸರಿಯಾಗಿ ನಡುವಿಗೆ ಬಂತು, ಎಡಬಲಗಳು ತಾವಾಗಿಯೇ ಸಮವಾದವು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ ಇಲ್ಲಿ ಅಂಗಳವಿಲ್ಲ. ನಮ್ಮ ತೊಟ್ಟಿಮನೆಯಂತೆ ಆ ಕಾಲದ ಇಂಗ್ಲೆಂಡಿನ ಬಹುತೇಕ ದೊಡ್ಡ ಮನೆಗಳೂ ನಡುವಿನ ಅಂಗಳದ ಕಡೆಗೆ ಮುಖ ಮಾಡಿದ್ದವು. ನಾನು ವಾಸವಿರುವ ನಾಟಿಂಗ್‌ಹ್ಯಾಮ್‌ನ ವೊಲಟನ್ ಹಾಲ್‌ನಲ್ಲಿ 1580ರ ದಶಕದಲ್ಲಿಯೇ ಸ್ಮಿತ್‌ಸನ್ ಆ ಅಂಗಳವನ್ನು ತೆಗೆದು ಮಧ್ಯದಲ್ಲಿ ಎತ್ತರದ ಹಾಲನ್ನು ಕೂರಿಸಿ, ಮನೆಯನ್ನು ಹೊರಮುಖವಾಗಿ ತಿರುಗಿಸಿದ್ದ. ವೊಲಟನ್‌ನ ಅಲಂಕಾರದ ಅಬ್ಬರವನ್ನು ನೋಡಿ ಹಾರ್ಡ್‌ವಿಕ್‌ಗೆ ಬಂದವರಿಗೆ ಇಲ್ಲಿನ ಮೌನ ಎದ್ದು ಕಾಣುತ್ತದೆ. ನನಗಂತೂ ಹಾರ್ಡ್‌ವಿಕ್ ಹೆಚ್ಚು ಬಲಿತ ಕೃತಿ ಎನಿಸುತ್ತದೆ.

ಮಾದರಿಯಲ್ಲಿ ಹಾಲ್‌ನ ಎರಡು ಪಕ್ಕದ ಗೋಡೆಗಳನ್ನು ನಡುಗೋಡೆಯ ಕಡಿದ ತುದಿಗಳಿಗೆ ಕಚ್ಚುಹಾಕಿ ಬಿಗಿದೆ. ಇವುಗಳ ಜೊತೆಗೆ ಉಳಿದ ಅಡ್ಡಗೋಡೆಗಳು ಸೇರಿದಾಗ ಹೊರಗೋಡೆಯೇ ಇಲ್ಲದೆ ಇಡೀ ಅಸ್ಥಿಪಂಜರ ಗಟ್ಟಿಯಾಗಿ ನಿಂತಿತು. ಮೇಲೆ ಎರಡು ಕಿಲೋ ಅಕ್ಕಿಯ ಚೀಲ ಇಟ್ಟು ಪರೀಕ್ಷಿಸಿದೆ, ಅಲುಗಲಿಲ್ಲ.

ಮಹಡಿಗಳ ಎತ್ತರದ ಲೆಕ್ಕದಲ್ಲಿ ಎಚ್ಚರ ಬೇಕು. ಮೂರು ಮುಖ್ಯ ಮಹಡಿಗಳಲ್ಲಿ ಪ್ರತಿಯೊಂದೂ ತನ್ನ ಕೆಳಗಿನದಕ್ಕಿಂತ ಎತ್ತರವಾಗಿದೆ. ನಮಗೆ ರೂಢಿಯಲ್ಲಿರುವ ಕ್ರಮಕ್ಕೆ ಇದು ತಿರುವುಮುರುವು. ನೆಲಮಹಡಿ ಅಡುಗೆಮನೆಗೂ ಆಳುಕಾಳುಗಳಿಗೂ ಸೇರಿದ್ದು, ಮೊದಲ ಮಹಡಿ ಬೆಸ್‌ಳ ದಿನನಿತ್ಯದ ವಾಸಕ್ಕೆ, ಎರಡನೆಯ ಮಹಡಿ ರಾಜೋಚಿತವಾದ ಸತ್ಕಾರಕ್ಕೆ. ಮೇಲಕ್ಕೆ ಹೋದಷ್ಟೂ ಅಂತಸ್ತು ಹೆಚ್ಚುತ್ತದೆ, ಅದರ ಜೊತೆಗೆ ಕಿಟಕಿಯ ಎತ್ತರವೂ ಹೆಚ್ಚುತ್ತದೆ. ಹೊರಗೆ ನಿಂತು ಕಿಟಕಿಗಳನ್ನು ನೋಡಿಯೇ ಯಾವ ಮಹಡಿಯಲ್ಲಿ ಯಾರಿದ್ದಾರೆಂದು ಊಹಿಸಬಹುದು.

ಆದರೆ ಆ ಊಹೆಯನ್ನು ಎಲ್ಲ ಕಡೆಗೂ ನಂಬುವಂತಿಲ್ಲ. ಹೊರಮೈಯ ಸಮತೋಲಕ್ಕಾಗಿ ಕಿಟಕಿಗಳನ್ನು ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ಇಟ್ಟಿರುವುದರಿಂದ, ಒಳಗಿನ ಕೋಣೆಗಳು ಅವುಗಳಿಗೆ ಹೊಂದಿಕೊಳ್ಳದ ಕಡೆ ಸ್ಮಿತ್‌ಸನ್ ನಯವಾಗಿ ಕಣ್ಣುಕಟ್ಟು ಮಾಡಿದ್ದಾನೆ. ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಹೊಗೆನಾಳವಿದೆ. ಇನ್ನು ಕೆಲವು ಎತ್ತರದ ಕಿಟಕಿಗಳ ಹಿಂದೆ ತಗ್ಗಾದ ಎರಡು ಅಂತಸ್ತುಗಳು ಅಡಗಿವೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಮುಚ್ಚಿದ ಕಿಟಕಿ ಕಂಡರೆ ಕಿಟಕಿ ತೆರಿಗೆಯನ್ನು ನೆನೆಯುವುದು ವಾಡಿಕೆ. ಆ ತೆರಿಗೆ ಬಂದದ್ದು 1696ರಲ್ಲಿ, ಈ ಮನೆ ಮುಗಿದು ಸುಮಾರು ಒಂದು ಶತಮಾನವಾದ ಮೇಲೆ. ಇಲ್ಲಿನ ಹುಸಿ ಕಿಟಕಿಗಳಿಗೆ ಮಿತವ್ಯಯ ಕಾರಣವಲ್ಲ, ಸಮತೋಲದ ಹಟ ಕಾರಣ. ಮಾದರಿಯಲ್ಲಿ ಇಂತಹ ಕಿಟಕಿಗಳ ಹಿಂದೆ ಮಸಿಕಪ್ಪು ಬಳಿದ ರಟ್ಟನ್ನು, ಗಾಜಿನಿಂದ ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ ಅಂಟಿಸಿದೆ. ಗಾಜಿಗೆ ತಾಗಿಸಿ ಅಂಟಿಸಿದರೆ ಕಪ್ಪು ಹಲಗೆಯಂತೆ ಕಾಣುತ್ತದೆ. ತುಸು ಅಂತರವಿದ್ದರೆ ಹಿಂದೆ ಕತ್ತಲೆಯ ಕೋಣೆಯಿದೆ ಎಂಬ ಭ್ರಮೆ ಹುಟ್ಟುತ್ತದೆ.

ಕಿಟಕಿಗಳೇ ಈ ಕೆಲಸದ ಬಹುಪಾಲು ಸಮಯವನ್ನು ನುಂಗಿದವು. ಹೊರಗೋಡೆಯನ್ನು ಒಂದು ಮಿಲಿಮೀಟರ್ ರಟ್ಟಿನಲ್ಲಿ ಕತ್ತರಿಸಿ, ನಿಲುಪಟ್ಟಿ ಮತ್ತು ಅಡ್ಡಪಟ್ಟಿಗಳನ್ನು ಬೇರೆಯಾಗಿ ಒಂದು ಮಿಲಿಮೀಟರ್ ಚೌಕದ ಸ್ಟೈರೀನ್ ಪ್ಲಾಸ್ಟಿಕ್ ಕಡ್ಡಿಗಳಿಂದ ಕಟ್ಟಿದೆ. ರಟ್ಟಿನಲ್ಲಿಯೇ ಪಟ್ಟಿಗಳನ್ನು ಉಳಿಸಿಕೊಂಡು ಕತ್ತರಿಸಲು ಹೋದರೆ ಬ್ಲೇಡು ಎಳೆಯುವಾಗ ನಾರು ಎದ್ದು ಅಂಚು ಹರಿಯುತ್ತದೆ. ಸ್ಟೈರೀನ್ ಕಡ್ಡಿಗಳನ್ನು ಒಂದು ಅಚ್ಚಿನೊಳಗೆ ಜೋಡಿಸಿ, ಕೂಡುಗಳಿಗೆ ಕುಂಚದ ತುದಿಯಿಂದ ದ್ರಾವಕದ ಒಂದು ಹನಿ ಮುಟ್ಟಿಸಿದರೆ ಕ್ಷಣದಲ್ಲಿ ಕರಗಿ ಒಂದಾಗುತ್ತವೆ. ಅಚ್ಚನ್ನು ಒಮ್ಮೆ ಸರಿಯಾಗಿ ಮಾಡಿಕೊಂಡರೆ ಒಂದೇ ಅಳತೆಯ ಚೌಕಟ್ಟುಗಳನ್ನು ಎಷ್ಟು ಬೇಕಾದರೂ ತೆಗೆಯಬಹುದು. ಸಮತೋಲದ ಹಟದ ಲಾಭ ಇಲ್ಲಿ ಮಾದರಿ ಕಟ್ಟುವವನಿಗೂ ಸಿಗುತ್ತದೆ.

ಗಾಜಿನ ವಿಷಯದಲ್ಲಿ ಮೂಲದ ವಿಧಾನವನ್ನು ತಿಳಿಯದೆ ಮುಂದುವರಿಯಲಾಗದು. ಊದಿ ಮಾಡುತ್ತಿದ್ದ ಅಂದಿನ ಗಾಜಿನಿಂದ ದೊಡ್ಡ ಹಾಳೆಗಳನ್ನು ಪಡೆಯುವಂತಿರಲಿಲ್ಲ. ಆದ್ದರಿಂದ ಅಂಗೈಯಗಲದ ತುಂಡುಗಳನ್ನು ಸೀಸದ ತೋಡುಪಟ್ಟಿಗಳಿಂದ ಒಂದಕ್ಕೊಂದು ಜೋಡಿಸಿ, ಆ ಜಾಲವನ್ನು ಕಲ್ಲಿನ ಚೌಕಟ್ಟಿಗೆ ಕೂರಿಸುತ್ತಿದ್ದರು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಇಷ್ಟೊಂದು ಗಾಜನ್ನು ಹಾಕಿಸುವುದೆಂದರೆ ಸಂಪತ್ತನ್ನು ಗುಡ್ಡದ ಮೇಲೆ ನಿಲ್ಲಿಸಿ ತೋರಿಸಿದಂತೆ. ಬೆಸ್‌ಗೆ ಸ್ವಂತ ಗಾಜಿನ ಕಾರ್ಖಾನೆಯಿತ್ತು, ಸೀಸದ ಗಣಿಗಳಿದ್ದವು, ಕಾಡುಗಳಿದ್ದವು, ಕಲ್ಲಿನ ಕ್ವಾರಿ ಗುಡ್ಡದ ಬುಡದಲ್ಲೇ ಇತ್ತು. ಹೀಗೆ ಸಾಮಗ್ರಿಯ ಬಹುಭಾಗ ಅವಳ ನೆಲದಿಂದಲೇ ಬಂತು. ಮಾದರಿಗೆ ಪಾರದರ್ಶಕ ಅಸಿಟೇಟ್ ಹಾಳೆಯನ್ನು ಬಳಸಿದೆ. ಸೀಸದ ಗೆರೆಗಳನ್ನು ಸೂಜಿಯಿಂದ ಗೀರಿ, ಗೀರಿನೊಳಕ್ಕೆ ತೆಳು ಬೂದುಬಣ್ಣವನ್ನು ಸವರಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ ತೆಗೆದೆ. ಮುದ್ರಿಸಿದ ಗೆರೆಗಳಿಗಿಂತ ಇದು ಒಳ್ಳೆಯದು, ಏಕೆಂದರೆ ಗೀರಿದ ಹಾಳೆಯ ಮೇಲೆ ಬೆಳಕು ಚದುರಿ, ಒಂದೊಂದು ತುಂಡೂ ಬೇರೆ ಬೇರೆ ಕೋನದಲ್ಲಿ ಕುಳಿತ ಹಳೆಯ ಗಾಜಿನ ಗುಣ ಸ್ವಲ್ಪಮಟ್ಟಿಗೆ ಬರುತ್ತದೆ.

ಪೂರ್ವದ ಹೊರಗೋಡೆಯನ್ನು ಅಂಟಿಸಲಿಲ್ಲ. ಸಣ್ಣ ಅಯಸ್ಕಾಂತಗಳಿಂದ ಹಿಡಿದು ನಿಲ್ಲುವಂತೆ ಮಾಡಿದ್ದೇನೆ. ಅದನ್ನು ತೆಗೆದರೆ ಎರಡನೆಯ ಮಹಡಿಯ ಉದ್ದನೆಯ ಗ್ಯಾಲರಿ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಸುಮಾರು ಐವತ್ತು ಮೀಟರ್ ಉದ್ದ, ಎಂಟು ಮೀಟರ್ ಎತ್ತರದ ಈ ಗ್ಯಾಲರಿ ಮಾದರಿಯಲ್ಲಿ 33 ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರಿಗೆ ತುಸು ಹೆಚ್ಚು ಎತ್ತರ. ಮಳೆಗಾಲದಲ್ಲಿ, ಚಳಿಯಲ್ಲಿ, ಹೊರಗೆ ಹೋಗಲಾಗದಾಗ ನಡೆದಾಡುವುದಕ್ಕೂ ಚಿತ್ರಗಳನ್ನು ತೋರಿಸುವುದಕ್ಕೂ ಇಂತಹ ಗ್ಯಾಲರಿಗಳಿದ್ದವು. ಅದರ ಒಂದು ಬದಿಯೆಲ್ಲ ಕಿಟಕಿ. ಇನ್ನೊಂದು ಬದಿ ನಮ್ಮ ನಡುಗೋಡೆ. ಅಲ್ಲಿ ಎರಡು ದೊಡ್ಡ ಅಗ್ಗಿಷ್ಟಿಕೆಗಳಿದ್ದು ಅವುಗಳ ಮೇಲೆ ನ್ಯಾಯ ಮತ್ತು ಕರುಣೆಯ ಮೂರ್ತಿಗಳಿವೆ. ಕಟ್ಟಡದ ಬೆನ್ನೆಲುಬೇ ಇಲ್ಲಿ ಚಿತ್ರಶಾಲೆಯ ಗೋಡೆಯೂ ಆಗಿರುವುದು ಮಾದರಿಯಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ನಿಜವಾದ ಗ್ಯಾಲರಿಯಲ್ಲಿ ನಿಂತಾಗ ಆ ಗೋಡೆಯ ದಪ್ಪ ಬಾಗಿಲುಗಳ ಬಳಿಯಷ್ಟೇ ಅರಿವಿಗೆ ಬರುತ್ತದೆ.

ಆ ಗೋಡೆಯನ್ನು ಮುಚ್ಚಿರುವುದು ಬೈಬಲಿನ ಗಿಡಿಯೋನನ ಕಥೆಯನ್ನು ನೇಯ್ದ ಹದಿಮೂರು ಟ್ಯಾಪೆಸ್ಟ್ರಿಗಳು, ಅಂದರೆ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳು. ಬೆಸ್ ಇವುಗಳನ್ನು 1592ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಮಂತ್ರಿಯಾಗಿದ್ದ ಸರ್ ಕ್ರಿಸ್ಟೋಫರ್ ಹ್ಯಾಟನ್‌ನ ವಾರಸುದಾರನಿಂದ ಕೊಂಡಳು. ಅವುಗಳ ಮೇಲಿದ್ದ ಹ್ಯಾಟನ್ ಮನೆತನದ ಲಾಂಛನಗಳನ್ನು ಬದಲಿಸುವ ಖರ್ಚಿಗೆಂದು ಬೆಲೆಯಲ್ಲಿ ಐದು ಪೌಂಡ್ ಮುರಿಸಿಕೊಂಡಳು. ಗೋಡೆಗಿಂತ ಗಾಜು ಹೆಚ್ಚು ಹಾಕಿಸಿದವಳು ಹೀಗೆ ಐದು ಪೌಂಡನ್ನೂ ಬಿಡದವಳು ಎಂಬುದು ನನಗೆ ಬಹಳ ಇಷ್ಟವಾದ ವಿವರ. ನ್ಯಾಷನಲ್ ಟ್ರಸ್ಟ್ ಈ ಹದಿಮೂರನ್ನೂ ಒಂದೊಂದಾಗಿ ಇಳಿಸಿ, ತೊಳೆದು, ಹೊಲಿದು ಭದ್ರಪಡಿಸುವ ಕೆಲಸವನ್ನು ಇಪ್ಪತ್ತನಾಲ್ಕು ವರ್ಷ ನಡೆಸಿ 2023ರಲ್ಲಿ ಮುಗಿಸಿತು. ಸುಮಾರು ಆರು ಮೀಟರ್ ಎತ್ತರದ ಇವು ಮಾದರಿಯಲ್ಲಿ ನಾಲ್ಕು ಸೆಂಟಿಮೀಟರ್. ತೆಳುವಾದ ಹತ್ತಿಬಟ್ಟೆಯ ಹಿಂದೆ ಕಾಗದ ಅಂಟಿಸಿ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ, ಕಾಗದವನ್ನು ಬಿಡಿಸಿ, ಮೇಲಂಚನ್ನು ಮಾತ್ರ ಗೋಡೆಗೆ ಅಂಟಿಸಿ ಇಳಿಬಿಟ್ಟೆ. ಬಣ್ಣದ ಆಯ್ಕೆ ಒಂದು ತೀರ್ಮಾನವನ್ನು ಕೇಳುತ್ತಿತ್ತು. ಆ ಕಾಲದ ನೇಕಾರರು ಹಸಿರನ್ನು ಪಡೆಯಲು ನೀಲಿಯ ಮೇಲೆ ಹಳದಿ ಬಣ್ಣ ಕಟ್ಟುತ್ತಿದ್ದರು. ಬೆಳಕಿಗೆ ಹಳದಿ ಬೇಗ ಮಾಸುವುದರಿಂದ ಇಂದು ಹಳೆಯ ಟ್ಯಾಪೆಸ್ಟ್ರಿಗಳ ಮರಗಿಡಗಳೆಲ್ಲ ನೀಲಿಯಾಗಿ ಕಾಣುತ್ತವೆ. ಬೆಸ್ ಕಂಡ ಹಸಿರನ್ನು ಊಹಿಸಿ ತುಂಬುವುದಕ್ಕಿಂತ ಇಂದಿನ ನೀಲಿಯನ್ನೇ ಉಳಿಸಿಕೊಂಡೆ. ಗ್ಯಾಲರಿಯ ನೆಲಕ್ಕೆ ಜೊಂಡಿನ ಚಾಪೆ ಹಾಸಿರುವುದರಿಂದ ತೆಳು ಗೋಣಿಬಣ್ಣದ ನೇಯ್ಗೆಯ ಟೇಪನ್ನು ಬಳಸಿದೆ.

ಅದೇ ಮಹಡಿಯ ಎತ್ತರದ ಸಭಾಕೋಣೆಯ ಗೋಡೆಯ ಮೇಲ್ಭಾಗದಲ್ಲಿ ಗಾರೆಯಿಂದ ಉಬ್ಬಿಸಿ ಬಣ್ಣ ಹಚ್ಚಿದ ಕಾಡಿನ ಪಟ್ಟಿಯಿದೆ; ಬೇಟೆಯ ದೇವತೆ ಡಯಾನಾ ತನ್ನ ಪರಿವಾರದೊಂದಿಗೆ ಅಲ್ಲಿದ್ದಾಳೆ. ಅದು ಅಬ್ರಹಾಂ ಸ್ಮಿತ್ ಎಂಬ ಗಾರೆಕೆಲಸಗಾರನ ಕೈಚಳಕ. 1:150ರಲ್ಲಿ ಅದನ್ನು ಉಬ್ಬಿಸುವ ಪ್ರಯತ್ನ ಮಾಡದೆ ಬರಿಯ ಬಣ್ಣದಲ್ಲಿ ಸೂಚಿಸಿದ್ದೇನೆ. ನೆಲದಿಂದ ಆ ಕೋಣೆಯವರೆಗೆ ಮನೆಯೊಳಗೆ ತಿರುತಿರುಗಿ ಏರುವ ಅಗಲವಾದ ಕಲ್ಲಿನ ಮೆಟ್ಟಿಲುಸಾಲನ್ನು ಮಾತ್ರ ಬಿಡುವಂತಿರಲಿಲ್ಲ. ಅದನ್ನು ಅರ್ಧ ಮಿಲಿಮೀಟರ್ ಕಾರ್ಡನ್ನು ಮಡಚಿ ಮಾಡಿ, ಮಹಡಿಗಳನ್ನು ಕೂರಿಸುವ ಮೊದಲೇ ಸೇರಿಸಬೇಕಾಯಿತು, ಏಕೆಂದರೆ ಆಮೇಲೆ ಕೈ ತೂರುವುದಿಲ್ಲ.

ಆರು ಗೋಪುರಗಳು ಮಾಡಿನ ಮಟ್ಟಕ್ಕಿಂತ ಒಂದು ಅಂತಸ್ತು ಮೇಲೇಳುತ್ತವೆ: ಮುಂದೆ ಎರಡು, ಹಿಂದೆ ಎರಡು, ಎರಡು ಪಕ್ಕಗಳಲ್ಲಿ ಒಂದೊಂದು. ನೋಡುವವನು ಜಾಗ ಬದಲಿಸಿದಂತೆಲ್ಲ ಅವು ಒಂದರ ಹಿಂದೊಂದು ಸೇರಿ ಬಿಡಿಸಿಕೊಂಡು ಮನೆಯ ಆಕಾರವನ್ನೇ ಬದಲಿಸುತ್ತವೆ. ಪಕ್ಕದ ಎಂ1 ಹೆದ್ದಾರಿಯಲ್ಲಿ ಹೋಗುವವರಿಗೂ ಅವು ಕಾಣುತ್ತವೆ. ಪ್ರತಿ ಗೋಪುರದ ಪ್ಯಾರಾಪೆಟ್ ಮೇಲೆ ಕಲ್ಲಿನಲ್ಲಿ ಕೊರೆದ ‘ಇಎಸ್’ ಎಂಬ ಅಕ್ಷರಗಳು, ಅವುಗಳ ಮೇಲೆ ಕೌಂಟೆಸ್‌ಳ ಕಿರೀಟ. ಇಂಗ್ಲಿಷಿನಲ್ಲಿ ಎಲಿಜಬೆತ್ ಶ್ರೂಸ್ಬರಿ ಎಂಬುದರ ಮೊದಲಕ್ಷರಗಳು ಅವು. ಈ ಸುರುಳಿ ಜಾಲವನ್ನು ಮಾತ್ರ ಲೇಸರ್ ಯಂತ್ರದಲ್ಲಿ ಕತ್ತರಿಸಿಕೊಂಡೆ. ಲೇಸರ್ ಸುಟ್ಟ ಕಂದು ಅಂಚನ್ನು ಉಜ್ಜಲು ಹೋದರೆ ಮುರಿಯುತ್ತದೆ. ಹಾಗೆಯೇ ಬಿಟ್ಟು ಅದರ ಮೇಲೆ ಬಣ್ಣ ಹಚ್ಚಿದರೆ ಸಾಕು. ಮಾಡಿನ ಸೀಸದ ಹೊದಿಕೆಗೆ ಬೂದುಬಣ್ಣದ ಕಾಗದದ ಪಟ್ಟಿಗಳನ್ನು ಹಾಸಿ, ಅಂಚುಗಳಲ್ಲಿ ಸೀಸದ ತಗಡುಗಳ ಮಡಿಕೆಯನ್ನು ತೋರಿಸಲು ದಾರದ ಎಳೆ ಸೇರಿಸಿದೆ. ಊಟದ ನಂತರ ಅತಿಥಿಗಳನ್ನು ಈ ಮಾಡಿನ ಮೇಲಿಂದ ನಡೆಸಿಕೊಂಡು ಗೋಪುರದ ಕೋಣೆಗೆ ಕರೆದೊಯ್ದು ಸಿಹಿತಿಂಡಿ ಕೊಡುತ್ತಿದ್ದರಾದ್ದರಿಂದ ಅದು ಬರಿಯ ಮಾಡಲ್ಲ, ದಾರಿಯೂ ಹೌದು.

ಕಲ್ಲಿನ ಬಣ್ಣಕ್ಕೆ ಹಳದಿ ಕಾವಿ, ಕಂದು ಮತ್ತು ಬೂದುಗಳನ್ನು ನೀರಾಗಿ ಬೆರೆಸಿ ಪದರ ಪದರವಾಗಿ ಹಚ್ಚಿದೆ. ಗುಡ್ಡದ ಮರಳುಗಲ್ಲು ಮೃದುವಾದದ್ದು. ಮಳೆ, ಹಿಮ ಮತ್ತು ಹಿಂದಿನ ಕಾಲದ ಕಲ್ಲಿದ್ದಲ ಹೊಗೆಗೆ ಸಿಕ್ಕಿ ಅದರ ಮೈ ಸವೆದಿದೆ. ಆದ್ದರಿಂದ ಹೊಸದಾಗಿ ಕೂರಿಸಿದ ಕಲ್ಲುಗಳು ಹಳೆಯದರ ನಡುವೆ ತಿಳಿಬಣ್ಣದ ತೇಪೆಗಳಂತೆ ಕಾಣುತ್ತವೆ. ಇಂತಹ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಿದರೆ ತೇವ ಸಂದಿನಿಂದ ಹೊರಬರಲಾಗದೆ ಕಲ್ಲಿನ ಮುಖದಿಂದಲೇ ಬಂದು ಅದನ್ನು ಪದರ ಪದರವಾಗಿ ಉದುರಿಸುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದುವಾಗಿದ್ದು ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪವನ್ನು ಬದಲಿಸುವ ಯಾವ ಕೆಲಸಕ್ಕೂ ಮುಂಗಡ ಅನುಮತಿ ಬೇಕು. ಹೊಸ ತೇಪೆಗಳನ್ನೂ ಮಾದರಿಯಲ್ಲಿ ಅಲ್ಲಲ್ಲಿ ತಿಳಿಬಣ್ಣದ ಚೌಕಗಳಾಗಿ ಸೇರಿಸಿದ್ದೇನೆ. ಎಲ್ಲವನ್ನೂ ಒಂದೇ ಬಣ್ಣದಲ್ಲಿ ತೋರಿಸಿದ್ದರೆ ಅದು ಬೇರಾವುದೋ ಮನೆಯಾಗುತ್ತಿತ್ತು.

ಮನೆ ಇಷ್ಟು ಬದಲಾಗದೆ ಉಳಿದದ್ದಕ್ಕೆ ಒಂದು ಕಾರಣ ಉಪೇಕ್ಷೆ ಎನ್ನಬಹುದು. ಬೆಸ್‌ಳ ಎರಡನೆಯ ಗಂಡ ವಿಲಿಯಂ ಕ್ಯಾವೆಂಡಿಶ್‌ನ ವಂಶದವರು ಡೆವನ್‌ಶೈರ್‌ನ ಡ್ಯೂಕರಾಗಿ ಚಾಟ್ಸ್‌ವರ್ತ್ ಬಂಗಲೆಯನ್ನೇ ಮುಖ್ಯ ಮನೆಯಾಗಿ ಮಾಡಿಕೊಂಡು ಕಾಲಕಾಲದ ಅಭಿರುಚಿಗೆ ತಕ್ಕಂತೆ ಅದನ್ನು ಒಡೆದು ಕಟ್ಟಿದರು. ಹಾರ್ಡ್‌ವಿಕ್ ಎರಡನೆಯ ಸ್ಥಾನಕ್ಕೆ ಸರಿದು ಹಾಗೆಯೇ ಉಳಿಯಿತು. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಬಂದ ಭಾರೀ ಮರಣ ತೆರಿಗೆಯ ಬಾಬ್ತು 1956ರಲ್ಲಿ ಇದು ಸರ್ಕಾರಕ್ಕೆ, 1959ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಇಲ್ಲಿ ವಾಸವಿದ್ದ ಕೊನೆಯ ಒಡತಿ, ಡ್ಯೂಕ್ ಮನೆತನದ ಹಿರಿಯ ಡಚೆಸ್ ಎವೆಲಿನ್, ಟ್ಯಾಪೆಸ್ಟ್ರಿಗಳನ್ನು ತನ್ನ ಕೈಯಾರೆ ಹೊಲಿದು ರಿಪೇರಿ ಮಾಡುತ್ತಿದ್ದಳು.

ಈಗ ಉಳಿದಿರುವುದು ತಳಹಲಗೆಯ ನೈರುತ್ಯ ಮೂಲೆ. ಅಲ್ಲಿ, ಹೊಸ ಮನೆಯ ಕೂಗಳತೆಯಲ್ಲಿ, ಬೆಸ್ 1587ರಲ್ಲಿ ಶುರುಮಾಡಿಸಿದ ‘ಹಳೆಯ ಹಾಲ್’ ಎಂಬ ಮನೆಯ ಮಾಡು ಇಲ್ಲದ ಗೋಡೆಗಳು ನಿಂತಿವೆ. ಅದು ಪೂರ್ತಿಯಾಗುವ ಮೊದಲೇ ಅವಳು ಇದನ್ನು ಕಟ್ಟಿಸಲು ಹೊರಟಿದ್ದಳು. ಆ ಪಾಳುಗೋಡೆಗಳಿಗೆ ರಟ್ಟಿನ ಬದಲು ಬಿರಟೆಯ (ಕಾರ್ಕ್) ಹಾಳೆಯನ್ನು ಆರಿಸಿದ್ದೇನೆ, ಏಕೆಂದರೆ ಅದನ್ನು ಕತ್ತರಿಸದೆ ಕೈಯಿಂದ ಮುರಿದರೆ ಅಂಚು ಕಲ್ಲು ಕಳಚಿದ ಗೋಡೆಯಂತೆಯೇ ಒರಟಾಗಿ ಬರುತ್ತದೆ. ಮೇಲಿನ ಮಹಡಿಗಳ ಅಗ್ಗಿಷ್ಟಿಕೆಗಳು ನೆಲವಿಲ್ಲದೆ ಗೋಡೆಗೆ ಅಂಟಿಕೊಂಡು ನಿಂತಿರುವುದನ್ನೂ, ಅವುಗಳ ಮೇಲೆ ಉಳಿದಿರುವ ಗಾರೆಯ ಮೂರ್ತಿಗಳನ್ನೂ ತೋರಿಸಬೇಕಾಗಿರುವುದರಿಂದ, ಬಿರಟೆಯ ಹಿಂದೆ ಒಂದು ಮಿಲಿಮೀಟರ್ ರಟ್ಟಿನ ಆಸರೆ ಕೊಟ್ಟು, ಅಗ್ಗಿಷ್ಟಿಕೆಗಳನ್ನು ಆ ಆಸರೆಗೆ ಮೊದಲು ಕೂರಿಸಿ, ಬಿರಟೆಯನ್ನು ಅವುಗಳ ಸುತ್ತ ತುಂಡು ತುಂಡಾಗಿ ಅಂಟಿಸುವ ಕ್ರಮವನ್ನು ಹಿಡಿದಿದ್ದೇನೆ.